ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ

ಮಾರಾಟಕ್ಕಿರುವ ಕಾರುಗಳ ಜಾಹೀರಾತು ಓದುವುದು ನನ್ನ ಬಹಳ ದಿನದ ಅಭ್ಯಾಸ. ಇರುವುದು ಮಿಶಿಗನ್‌ನಲ್ಲಿ, ಮಾಡುವುದು ಕಾರಿನ ಬಿಡಿಭಾಗಗಳ ಕೆಲಸ. ನಮ್ಮ ಬೀದಿಯಲ್ಲಿ ಅಕ್ಕಪಕ್ಕದವರೆಲ್ಲ ಒಂದಲ್ಲ ಒಂದು ಕಾರು ಕಂಪನಿಯಲ್ಲಿ ದುಡಿದವರೇ. ರಾತ್ರಿ ಊಟ ಆದಮೇಲೆ ಯಾರು ಯಾವ ಕಾರು ಮಾರುತ್ತಿದ್ದಾರೆ, ಎಷ್ಟಕ್ಕೆ ಅಂತ ನೋಡದೆ ಮಲಗಿದರೆ ಏನೋ ಬಿಟ್ಟುಹೋದ ಹಾಗಿರುತ್ತದೆ. ಈಚೆಗೆ ಈ ಜಾಹೀರಾತುಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತಿದೆ. "ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ." ಮೊದಮೊದಲು ಸುಮ್ನೆ ಓದಿ ಮುಂದೆ ಹೋಗುತ್ತಿದ್ದೆ. ಆಮೇಲೆ ಅದು ತಲೆಯಲ್ಲೇ ಉಳಿಯತೊಡಗಿತು. ಹಾಗೆ ಬರೆದಿದ್ದು 2018ರ ಡಾಡ್ಜ್ ಚಾಲೆಂಜರ್ ಎಸ್‌ಆರ್‌ಟಿ ಡೀಮನ್ ಬಗ್ಗೆ. ನಿಂತಲ್ಲಿಂದ ಕಾಲು ಮೈಲಿ ನೆಟ್ಟಗೆ ನುಗ್ಗುವುದಕ್ಕೆ ಅಂತಲೇ ಮಾಡಿದ ಕಾರದು. ಆ ಕಾರು ಇಷ್ಟು ವರ್ಷ ಎಲ್ಲಿಗೂ ಹೋಗಿಲ್ಲ ಎನ್ನುವುದನ್ನೇ ಅದರ ದೊಡ್ಡ ಗುಣ ಅಂತ ಹೇಳಿ ಮಾರುತ್ತಾರೆ. ಜನ ಅದಕ್ಕೇ ಜಾಸ್ತಿ ದುಡ್ಡು ಕೊಡುತ್ತಾರೆ.

ಇದರಲ್ಲಿ ಏನೋ ಸರಿಯಿಲ್ಲ ಅಂತ ನನಗೆ ಅನಿಸುತ್ತಲೇ ಇತ್ತು. ಯಾವುದು ಸರಿಯಿಲ್ಲ ಅಂತ ಮಾತ್ರ ಹೇಳಲು ಆಗುತ್ತಿರಲಿಲ್ಲ. ಕಾರು ಅವರದ್ದು, ದುಡ್ಡು ಅವರದ್ದು. ಓಡಿಸಲಿ, ಬಿಡಲಿ, ನಮಗೇನು ಅಲ್ವಾ? ಹಾಗೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅಂಥದ್ದೊಂದು ಕಾರನ್ನು ಹತ್ತಿರದಿಂದ ನೋಡುವ ಸಂದರ್ಭ ಬಂತು. ಅದಾದ ಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಡೀಮನ್ ಎಷ್ಟು ಹಟದಿಂದ ಮಾಡಿದ ಕಾರು ಅಂತ ಗೊತ್ತಾಗದಿದ್ದರೆ ನನ್ನ ಸಂಕಟವೂ ಅರ್ಥ ಆಗುವುದಿಲ್ಲ. 6.2 ಲೀಟರಿನ ವಿ8 ಹೆಮಿ ಎಂಜಿನ್, ಅದರ ನೆತ್ತಿಯ ಮೇಲೆ 2.7 ಲೀಟರಿನ ಸೂಪರ್‌ಚಾರ್ಜರ್. ಬಂಕಿನಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲ್ ಹಾಕಿದರೆ 808 ಹಾರ್ಸ್‌ಪವರ್. 100 ಆಕ್ಟೇನಿನ ರೇಸ್ ಪೆಟ್ರೋಲ್ ಹಾಕಿ, ಅದಕ್ಕೆ ತಕ್ಕ ಎಂಜಿನ್ ಕಂಟ್ರೋಲರ್ ಕೂರಿಸಿದರೆ 840. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು 2.3 ಸೆಕೆಂಡು. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್, 9.65 ಸೆಕೆಂಡು. ಹೊರಡುವಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುತ್ತವೆ. ಹಾಗೆ ಎದ್ದ ಚಕ್ರಗಳು ಮತ್ತೆ ನೆಲ ಮುಟ್ಟುವಷ್ಟರಲ್ಲಿ ಕಾರು 2.92 ಅಡಿ ಮುಂದೆ ಹೋಗಿತ್ತು ಅಂತ ಗಿನ್ನೆಸ್ ದಾಖಲೆಯೇ ಇದೆ. ಹೀಗೆ ನಿಂತಲ್ಲಿಂದ ನೆಟ್ಟಗೆ ನುಗ್ಗುವ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಅಂತಾರೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಈ ಓಟವನ್ನು ಪ್ರಮಾಣೀಕರಿಸಿತು. ಅದೇ ಸಂಸ್ಥೆ, ಇಷ್ಟು ಬೇಗ ಓಡುವ ಕಾರಿನಲ್ಲಿ ರೋಲ್ ಕೇಜ್ (ಕಾರು ಉರುಳಿದರೆ ಒಳಗಿದ್ದವರನ್ನು ಕಾಪಾಡುವ ಕೊಳವೆಗಳ ಚೌಕಟ್ಟು) ಇರಲೇಬೇಕು, ಕಾರ್ಖಾನೆಯಿಂದ ಬಂದ ಹಾಗೆಯೇ ನಮ್ಮ ಟ್ರ್ಯಾಕಿಗೆ ಇಳಿಸುವ ಹಾಗಿಲ್ಲ ಅಂತ ಪತ್ರವನ್ನೂ ಬರೆಯಿತು. ಡಾಡ್ಜ್‌ನವರು ಆ ಪತ್ರವನ್ನೇ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು.

ನನಗೆ ಈ ಅಂಕಿಗಳಿಗಿಂತ ಇಷ್ಟವಾಗುವುದು ಅದರ ಎಸಿ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಲ್ಲಿ ಶಕ್ತಿ ಕಮ್ಮಿ. ಇದಕ್ಕೆ ಡೀಮನ್ ಎಂಜಿನಿಯರುಗಳು ಕಂಡುಕೊಂಡ ದಾರಿ ನೋಡಿ. ಡ್ರ್ಯಾಗ್ ಮೋಡಿಗೆ ಹಾಕಿದರೆ, ಒಳಗೆ ಕೂತವರನ್ನು ತಂಪು ಮಾಡಬೇಕಾದ ಎಸಿ ಗ್ಯಾಸನ್ನೇ ಎಂಜಿನ್ ಕಡೆ ತಿರುಗಿಸಿ, ಆ ಗಾಳಿಯನ್ನು ತಣಿಸುತ್ತದೆ. ಡ್ರೈವರ್ ಬೆವರಲಿ, ಎಂಜಿನ್ನಿಗೆ ತಣ್ಣನೆ ಗಾಳಿ ಸಿಗಲಿ ಅನ್ನುವ ಲೆಕ್ಕ. ಓಟ ಮುಗಿಸಿ ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನು, ಪಂಪು ತಿರುಗುತ್ತಲೇ ಇರುತ್ತವೆ, ಮುಂದಿನ ಓಟಕ್ಕೆ ಸಿದ್ಧ ಆಗಲಿ ಅಂತ. ಕಾರ್ಖಾನೆಯಿಂದ ಬಂದ ಯಾವ ಕಾರೂ ಇಷ್ಟು ಮನಸ್ಸಿಟ್ಟು "ಇನ್ನೊಂದು ಸಲ ಓಡಿಸು" ಅಂತ ಹೇಳಿದ್ದನ್ನು ನಾನು ನೋಡಿಲ್ಲ.

ಬೆಲೆ ಇದ್ದದ್ದು 84,995 ಡಾಲರ್. ತೂಕ ಇಳಿಸಲು ಡ್ರೈವರ್ ಸೀಟೊಂದನ್ನು ಬಿಟ್ಟು ಉಳಿದ ಸೀಟುಗಳನ್ನು ತೆಗೆದೇ ಕೊಡುತ್ತಿದ್ದರು. ಪಕ್ಕದ ಸೀಟು ಬೇಕಾದರೆ ಒಂದು ಡಾಲರ್, ಹಿಂದಿನ ಸೀಟಿಗೆ ಇನ್ನೊಂದು ಡಾಲರ್. ಮತ್ತೊಂದು ಡಾಲರ್ ಕೊಟ್ಟರೆ ಡೀಮನ್ ಕ್ರೇಟ್ ಅಂತ ಒಂದು ಪೆಟ್ಟಿಗೆ ಬರುತ್ತಿತ್ತು. ಅದರಲ್ಲಿ ರೇಸಿಗೆ ಬೇಕಾದ ಸಪೂರ ಮುಂಚಕ್ರಗಳು, ಜಾಕು, ಚಕ್ರ ಬಿಚ್ಚುವ ಸಲಕರಣೆ, ಟೈರಿನ ಗಾಳಿ ನೋಡುವ ಗೇಜು, ಆ 840ರ ಕಂಟ್ರೋಲರ್ ಎಲ್ಲ ಇರುತ್ತಿದ್ದವು. ಕೊಂಡವರ ಹೆಸರನ್ನೂ ಪೆಟ್ಟಿಗೆ ಮೇಲೆ ಹಾಕಿ ಕೊಡುತ್ತಿದ್ದರು. ಚಕ್ರಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಟ್ರ್ಯಾಕಿಗೆ ಹೋಗಿ, ಅಲ್ಲೇ ಬದಲಾಯಿಸಿ, ಓಡಿಸಿ, ಮತ್ತೆ ಹಳೆ ಚಕ್ರ ಹಾಕಿಕೊಂಡು ಮನೆಗೆ ಬರಬಹುದು. ಇಷ್ಟು ಸಾಲದು ಅಂತ ಕೊಂಡವರಿಗೆ ಬಾಂಡುರಾಂಟ್ ಡ್ರೈವಿಂಗ್ ಶಾಲೆಯಲ್ಲಿ ಒಂದು ದಿನದ ಪಾಠವನ್ನೂ ಸೇರಿಸಿದ್ದರು. ಮಾಡಿದ್ದು ಒಟ್ಟು 3,300 ಕಾರು, ಅಮೆರಿಕಕ್ಕೆ 3,000, ಕೆನಡಾಕ್ಕೆ 300. ಎಲ್ಲವೂ ಕೆನಡಾದ ಬ್ರ್ಯಾಂಪ್ಟನ್ ಕಾರ್ಖಾನೆಯಲ್ಲಿ ತಯಾರಾದವು.

ಆ 3,300 ಅನ್ನುವ ಸಂಖ್ಯೆಯಿಂದಲೇ ತಕರಾರು ಶುರು.

ಗ್ಯಾರೇಜಿನಲ್ಲಿ

ನನ್ನ ಗೆಳೆಯನೊಬ್ಬ ಶಿವಮೊಗ್ಗದ ಕಡೆಯವನು. ಇಲ್ಲಿಗೆ ಬಂದು ಬಹಳ ವರ್ಷ ಆಯಿತು. ಡೀಮನ್ ಕೊಳ್ಳಬೇಕು ಅಂತ ಅದು ಹೊಸದಾಗಿ ಬಂದಾಗಲೇ ಆಸೆಪಟ್ಟಿದ್ದ. ಆಗ ಮನೆ ಸಾಲ, ಸಣ್ಣ ಮಕ್ಕಳು, ಆಗಲಿಲ್ಲ. ಈಗ ಸ್ವಲ್ಪ ಕೈ ಬಿಡುವಾಗಿದೆ. ಗುರುತಿನವರ ಮೂಲಕ ಒಂದು ಡೀಮನ್ ಮಾರಾಟಕ್ಕಿದೆ ಅಂತ ತಿಳಿಯಿತು. "ಬಾರೋ ಮಾರಾಯ, ನೀನೊಂದು ಸಲ ನೋಡು" ಅಂತ ನನ್ನನ್ನೂ ಎಳೆದುಕೊಂಡು ಹೋದ. ಮಾರ್ಚ್ ತಿಂಗಳು. ರಸ್ತೆ ಬದಿಯಲ್ಲಿ ಕರಗದೆ ಉಳಿದ ಹಿಮ, ರಸ್ತೆ ತುಂಬ ಉಪ್ಪು.

ಯಜಮಾನರು ನಿವೃತ್ತರು, ಎಪ್ಪತ್ತು ದಾಟಿದವರು. ಬಹಳ ಒಳ್ಳೆಯ ಮನುಷ್ಯ. ಬಾಗಿಲಲ್ಲೇ ಕಾಫಿ ಕೊಟ್ಟರು. ಗ್ಯಾರೇಜು ನಮ್ಮ ಅಡುಗೆಮನೆಗಿಂತ ಚೊಕ್ಕಟ. ಕಾರಿನ ಮೇಲೆ ಮೆತ್ತನೆ ಹೊದಿಕೆ, ಕೆಳಗೆ ರಬ್ಬರ್ ಚಾಪೆ, ಪಕ್ಕದಲ್ಲಿ ಬ್ಯಾಟರಿಗೆ ಹಚ್ಚಿದ ಸಣ್ಣ ಚಾರ್ಜರಿನ ಹಸಿರು ದೀಪ. ಹೊದಿಕೆಯನ್ನು ಇಬ್ಬರು ಸೇರಿ ಮೂಗಿನ ಕಡೆಯಿಂದ ಮಡಚುತ್ತಾ ತೆಗೆಯಬೇಕು, ಎಳೆಯಬಾರದು ಅಂತ ತೋರಿಸಿಕೊಟ್ಟರು. ಒಳಗೆ ಕೆಂಪು ಬಣ್ಣದ ಕಾರು. ಸ್ಟಿಯರಿಂಗಿಗೆ ಪ್ಲಾಸ್ಟಿಕ್, ಸೀಟುಗಳಿಗೆ ಪ್ಲಾಸ್ಟಿಕ್, ಕಾಲಿಡುವಲ್ಲಿ ಕಾರ್ಖಾನೆಯವರು ಹಾಸಿದ ಕಾಗದ. ಕಿಟಕಿಗೆ ಅಂಟಿಸಿದ ಬೆಲೆಪಟ್ಟಿ ಹಾಗೇ ಇದೆ. ಹೊಸ ಪ್ಲಾಸ್ಟಿಕ್‌ನ ವಾಸನೆ ಹೋಗಿ, ಹಳೆ ಪ್ಲಾಸ್ಟಿಕ್‌ಗೆ ಬರುತ್ತದಲ್ಲ ಒಂಥರಾ ಮುಗ್ಗಲು ವಾಸನೆ, ಅದು ಬರುತ್ತಿತ್ತು. ಗೋಡೆಯ ಪಕ್ಕ ಆ ಕ್ರೇಟು. ಮೊಹರು ಒಡೆದಿಲ್ಲ. ಅದರ ಮೇಲೆ ಅವರ ಹೆಸರು.

ನಾನು ಕೂತು ಹಿಂದಿನ ಟೈರು ನೋಡಿದೆ. ಯಾವ ಟೈರಿನ ಪಕ್ಕೆಯ ಮೇಲೂ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇಲ್ಲಿ ಕೊನೆಯ ಎರಡು 17. ಕಾರಿನ ಜೊತೆಗೇ ಬಂದ ನಿಟ್ಟೋ ಡ್ರ್ಯಾಗ್ ಟೈರು, ಅಗಲ 315 ಮಿಲಿಮೀಟರ್. ಇವು ಮೆತ್ತನೆ ರಬ್ಬರಿನವು. ಬಿಸಿಯಾದಾಗ ರಸ್ತೆಗೆ ಅಂಟಿಕೊಳ್ಳಲಿ ಅಂತ ಹಾಗೆ ಮಾಡಿರುತ್ತಾರೆ. ಉಗುರು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಮೇಲಿನ ಪದರದಲ್ಲಿ ಅಚ್ಚಿನಿಂದ ಬಂದ ಸಣ್ಣ ರಬ್ಬರ್ ಕೂದಲುಗಳು ಇನ್ನೂ ಉದುರಿರಲಿಲ್ಲ. ಒಂದು ಸಲವೂ ನೆಲ ಕಚ್ಚದೆ ಆ ಟೈರಿನ ಆಯಸ್ಸು ಮುಗಿದಿತ್ತು.

ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುತ್ತೇನೆ ಅಂದರು. ನಮಗಾಗಿಯೂ ಸ್ಟಾರ್ಟ್ ಮಾಡಿದರು. ಆ ಸದ್ದಿಗೆ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳು ಕಿಣಿಕಿಣಿ ಅಂದವು. ಗೆಳೆಯನ ಮುಖ ನೋಡಬೇಕಿತ್ತು. ಐದು ನಿಮಿಷ ಆದಮೇಲೆ ಆಫ್ ಮಾಡಿದರು.

ನಾನು ಕೇಳಿಯೇಬಿಟ್ಟೆ, ಯಾಕೆ ಒಂದು ದಿನವೂ ಓಡಿಸಲಿಲ್ಲ ಅಂತ. ಅವರು ಸಿಟ್ಟಾಗಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಅವರ ಹತ್ತಿರ 1969ರ ಪ್ಲಿಮತ್ ರೋಡ್ ರನ್ನರ್ ಇತ್ತಂತೆ. ಮದುವೆಯಾದಾಗ ವಿಮೆ ಕಟ್ಟಲಾಗದೆ ಚಿಲ್ಲರೆ ದುಡ್ಡಿಗೆ ಮಾರಿದರಂತೆ. ಮೂವತ್ತು ವರ್ಷದ ಮೇಲೆ ಟಿವಿಯಲ್ಲಿ ಹರಾಜು ನೋಡುವಾಗ ಅಂಥದ್ದೇ ಒಂದು ಕಾರು, ಅದೇ ಬಣ್ಣದ್ದು, ಅವರ ಮನೆಯ ಅರ್ಧ ಬೆಲೆಗೆ ಹೋಯಿತಂತೆ. "ಇನ್ನೊಂದು ಸಲ ಹಾಗೆ ಆಗಲು ಬಿಡಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದೆ" ಅಂದರು. ಈಗ ಮೊಣಕಾಲು ನೋವು. ಆ ಸೀಟಿನಲ್ಲಿ ಇಳಿದು ಕೂರಲು, ಮತ್ತೆ ಏಳಲು ಆಗುವುದಿಲ್ಲ. ಮಕ್ಕಳಿಗೆ ಕಾರಿನ ಮೇಲೆ ಆಸಕ್ತಿ ಇಲ್ಲ. ಹಾಗಾಗಿ ಮಾರುತ್ತಿದ್ದಾರೆ. ಕೇಳಿದ ಬೆಲೆ ಹೊಸದರ ಬೆಲೆಯ ಎರಡರಷ್ಟಕ್ಕೆ ಹತ್ತಿರವಿತ್ತು.

ವಾಪಸ್ ಬರುವಾಗ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, "ಅದನ್ನ ತಗೊಂಡ್ರೆ ನಾನು ಕಾವಲುಗಾರ ಆಗ್ತೀನಿ ಅಷ್ಟೆ ಮಾರಾಯ. ಮನೆಯಿಂದ ಹೊರಗೆ ತಂದ ಮೊದಲನೇ ಮೈಲಿಗೇ ಎಷ್ಟೋ ಸಾವಿರ ಡಾಲರ್ ಹೋಯ್ತು ಅಂತ ಲೆಕ್ಕ. ಕಾಲು ಹೇಗೆ ಒತ್ತಲಿ?"

ಅಪರೂಪ ಆಗುವ ಬಗೆ

ಯಜಮಾನರ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಹಳೆಯ ಮಸಲ್ ಕಾರುಗಳಿಗೆ, ಅಂದರೆ ದೊಡ್ಡ ಎಂಜಿನ್ ಹಾಕಿದ ವೇಗದ ಅಮೆರಿಕನ್ ಕಾರುಗಳಿಗೆ, ಬಂದ ಬೆಲೆ ನೋಡಿದವರು ಯಾರೂ ಹಾಗೇ ಯೋಚಿಸುತ್ತಾರೆ. 1971ರಲ್ಲಿ ಪ್ಲಿಮತ್‌ನವರು "ಹೆಮಿ ಕೂಡಾ" ಅನ್ನುವ ಕಾರಿನ ಕನ್ವರ್ಟಿಬಲ್, ಅಂದರೆ ಮೇಲಿನ ಮಾಡು ತೆರೆಯುವ ಮಾದರಿ, ಮಾಡಿದ್ದು 11 ಮಾತ್ರ. ಅದರಲ್ಲೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಈ ಸುದ್ದಿ ಗೊತ್ತಿಲ್ಲದ ಮಸಲ್ ಕಾರಿನವರು ಅಮೆರಿಕದಲ್ಲಿ ಇರಲಿಕ್ಕಿಲ್ಲ. ಆದರೆ ಆ 11 ಅನ್ನುವ ಸಂಖ್ಯೆಯನ್ನು ಕಂಪನಿ ನಿಗದಿ ಮಾಡಿರಲಿಲ್ಲ. ಇಷ್ಟೇ ಮಾಡುತ್ತೇವೆ ಅಂತ ಯಾರೂ ಘೋಷಿಸಿರಲಿಲ್ಲ. ಹೆಮಿ ಎಂಜಿನ್ ಬಹಳ ದುಬಾರಿ, ಹುಡುಗರ ಮಸಲ್ ಕಾರಿಗೆ ವಿಮೆಯವರು ಹಾಕುತ್ತಿದ್ದ ದರ ಇನ್ನೂ ದುಬಾರಿ. ಕೊಳ್ಳುವವರೇ ಬರಲಿಲ್ಲ. ಹೊಗೆಯ ಮೇಲೆ ಕಾನೂನು ಬಿಗಿಯಾಯಿತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. 1974ಕ್ಕೆ ಮೊದಲ ಚಾಲೆಂಜರ್ ಕೂಡ ನಿಂತುಹೋಯಿತು. ಆ ಕಾಲದ ಉಳಿದ ಮಸಲ್ ಕಾರುಗಳನ್ನು ಜನ ಓಡಿಸಿದರು, ಗುದ್ದಿದರು, ಉಪ್ಪಿನ ರಸ್ತೆಯಲ್ಲಿ ತುಕ್ಕು ಹಿಡಿಸಿದರು, ಎಂಜಿನ್ ಬಿಚ್ಚಿ ಬೇರೆ ಗಾಡಿಗೆ ಹಾಕಿದರು, ಗುಜರಿಗೆ ಕೊಟ್ಟರು. ಉಳಿದದ್ದು ಅಪರೂಪ ಆಯಿತು.

ಅಪರೂಪ ಮಾಡಿಯೇ ಮಾರಿದಾಗ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1978ರಲ್ಲಿ ಕಾರ್ವೆಟ್ ಕಾರು ಇಂಡಿ 500 ರೇಸಿಗೆ ಪೇಸ್ ಕಾರ್ ಆಯಿತು, ಅಂದರೆ ಶುರುವಿನಲ್ಲಿ ರೇಸ್ ಕಾರುಗಳ ಮುಂದೆ ಓಡುವ ಕಾರು. ಅದರ ನೆನಪಿಗೆ ಕಪ್ಪು ಮತ್ತು ಬೆಳ್ಳಿ ಬಣ್ಣದ ವಿಶೇಷ ಕಾರ್ವೆಟ್ ಬಂತು. ಡೀಲರಿಗೆ ಒಂದರಂತೆ ಕೊನೆಗೆ 6,502 ಕಾರು ತಯಾರಾದವು. ಪಟ್ಟಿ ಬೆಲೆ 13,653 ಡಾಲರ್. ಮುಂದೆ ಬಂಗಾರದ ಬೆಲೆ ಬರುತ್ತದೆ ಅಂತ ಜನ ಮುಗಿಬಿದ್ದರು, ಪಟ್ಟಿ ಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟರು, ತಂದು ಹಾಗೇ ಇಟ್ಟರು. ಬಾಗಿಲಿಗೆ ಅಂಟಿಸಬೇಕಾದ ಪೇಸ್ ಕಾರ್ ಸ್ಟಿಕ್ಕರುಗಳನ್ನು ಅಂಟಿಸದೆ ಕಾರಿನ ಹಿಂಭಾಗದಲ್ಲೇ ಉಳಿಸಿಕೊಂಡವರು ಎಷ್ಟೋ ಜನ. ಆಮೇಲೆ ನೋಡಿದರೆ ಎಲ್ಲರ ಹತ್ತಿರವೂ ಓಡಿಸದ ಪೇಸ್ ಕಾರ್ ಇದೆ, ಎಲ್ಲರಲ್ಲೂ ಸ್ಟಿಕ್ಕರ್ ಇದೆ. ಬೆಲೆ ಎಲ್ಲಿಂದ ಏರಬೇಕು?

ಕ್ಯಾಡಿಲಾಕ್ ಕಥೆ ಇದಕ್ಕಿಂತ ಕಹಿ. 1976ರ ಎಲ್ಡೊರಾಡೊ ಕನ್ವರ್ಟಿಬಲ್ ಅಮೆರಿಕದ ಕೊನೆಯ ಕನ್ವರ್ಟಿಬಲ್ ಅಂತ ಹೆಸರಾಯಿತು. ಕಡೆಯ 200 ಕಾರುಗಳನ್ನು ಒಂದೇ ಥರ ಬಿಳಿ ಬಣ್ಣದಲ್ಲಿ ಮಾಡಿದರು. ಜನ ಕೊಂಡು ಜೋಪಾನ ಮಾಡಿದರು. 1984ಕ್ಕೆ ಎಲ್ಡೊರಾಡೊ ಕನ್ವರ್ಟಿಬಲ್ ಮತ್ತೆ ಬಂತು. ಕೊಂಡಿದ್ದವರು ಕೋರ್ಟಿಗೆ ಹೋದರು.

ಡೀಮನ್‌ಗೂ ಸುಮಾರು ಹೀಗೇ ಆಯಿತು. 2018ರ ಜೂನ್‌ನಲ್ಲಿ ಕನೆಕ್ಟಿಕಟ್‌ನ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಕೊನೆಯ ಡೀಮನ್ ಮತ್ತು ಡಾಡ್ಜ್‌ನದೇ ಕೊನೆಯ ವೈಪರ್ ಕಾರು ಎರಡನ್ನೂ ಜೋಡಿಯಾಗಿ 10 ಲಕ್ಷ ಡಾಲರಿಗೆ ಮಾರಿದರು. ಹಣ ಪೂರ್ತಿ ಯುನೈಟೆಡ್ ವೇ ಅನ್ನುವ ಸೇವಾ ಸಂಸ್ಥೆಗೆ ಹೋಯಿತು. ಅಲ್ಲಿಗೆ ಡೀಮನ್ ಕಥೆ ಮುಗಿಯಿತು ಅಂದುಕೊಂಡಿದ್ದೆವು. 2023ರಲ್ಲಿ ಡೀಮನ್ 170 ಬಂತು. ಎಥನಾಲ್ ಹೆಚ್ಚಿರುವ ಇ85 ಇಂಧನದಲ್ಲಿ 1,025 ಹಾರ್ಸ್‌ಪವರ್, ಕಾಲು ಮೈಲಿಗೆ 8.91 ಸೆಕೆಂಡು, ಬೆಲೆ 96,666 ಡಾಲರಿನಿಂದ. ಸಂಖ್ಯೆ ಮತ್ತೆ 3,300. ಅದೇ ವರ್ಷ ಡಿಸೆಂಬರಿನಲ್ಲಿ ಆ ಚಾಲೆಂಜರ್ ತಯಾರಿಕೆಯೇ ನಿಂತಿತು. 2018ರ ಕಾರನ್ನು "ಅತಿ ವೇಗದ ಡೀಮನ್" ಅಂತ ಎತ್ತಿಟ್ಟಿದ್ದವರ ಕೈಯಲ್ಲಿ ಈಗ ಇರುವುದು ಎರಡನೇ ವೇಗದ ಡೀಮನ್.

ಎತ್ತಿಟ್ಟವರೆಲ್ಲ ಸೋತರು ಅಂತ ನಾನು ಹೇಳುವುದಿಲ್ಲ. 1987ರ ಬ್ಯೂಕ್ ಜಿಎನ್‌ಎಕ್ಸ್ ಮಾಡಿದ್ದು 547. ಅದನ್ನು ಕೊಂಡು ಓಡಿಸದೆ ಇಟ್ಟವರಿಗೆ ಒಳ್ಳೆ ಬೆಲೆಯೇ ಬಂತು. ನಾಳೆ ಡೀಮನ್‌ಗೂ ಬರಬಹುದು. ಬ್ಯಾಟರಿ ಕಾರುಗಳು ಜಾಸ್ತಿ ಆಗುತ್ತಿರುವಾಗ ಇಂಥ ಎಂಜಿನ್ ಇನ್ನೊಂದು ಹುಟ್ಟುವುದು ಕಷ್ಟ. ದುಡ್ಡಿನ ಲೆಕ್ಕದಲ್ಲಿ ಯಜಮಾನರೇ ಗೆಲ್ಲಬಹುದು. ನನ್ನ ತಕರಾರು ದುಡ್ಡಿನದ್ದಲ್ಲ.

ವುಡ್‌ವರ್ಡ್ ರಸ್ತೆಯಲ್ಲಿ

ನಮ್ಮ ಕಡೆ ಆಗಸ್ಟ್ ಅಂದರೆ ಹಬ್ಬ. ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್, ಹಳೆ ಕಾರುಗಳ ಮೆರವಣಿಗೆ. 1995ರಿಂದ ನಡೆಯುತ್ತಿದೆ. ಅದೇ ತಿಂಗಳು ಪಾಂಟಿಯಾಕ್ ಊರಿನಲ್ಲಿ ರೋಡ್‌ಕಿಲ್ ನೈಟ್ಸ್ ಅಂತ ಡ್ರ್ಯಾಗ್ ರೇಸ್ ಮಾಡುತ್ತಿದ್ದರು. ವುಡ್‌ವರ್ಡ್ ರಸ್ತೆಯನ್ನೇ ಬಂದ್ ಮಾಡಿ, ಎರಡು ಬದಿಗೆ ಸಿಮೆಂಟ್ ತಡೆ ಇಟ್ಟು, ಅಲ್ಲೇ ಓಡಿಸುವುದು. ಅರವತ್ತರ ದಶಕದಲ್ಲಿ ಇದೇ ರಸ್ತೆಯಲ್ಲಿ ಹುಡುಗರು ರಾತ್ರಿ ಕದ್ದು ರೇಸ್ ಓಡಿಸುತ್ತಿದ್ದರು. ಕಂಪನಿಗಳ ಎಂಜಿನಿಯರುಗಳೂ ಹೊಸ ಎಂಜಿನ್ ಹಾಕಿಕೊಂಡು ಬಂದು ಸೇರುತ್ತಿದ್ದರು ಅಂತ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ.

ಒಂದು ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಆಗ ಅವಳಿನ್ನೂ ಚಿಕ್ಕವಳು. ಒಂದು ಕಪ್ಪು ಡೀಮನ್ ಬಂತು. ಹಿಂದಿನ ಚಕ್ರ ನೀರಿನಲ್ಲಿ ನೆನೆಸಿ, ನಿಂತಲ್ಲೇ ಗರಗರ ತಿರುಗಿಸಿ ಟೈರು ಬಿಸಿ ಮಾಡಿಕೊಂಡಿತು. ಬಿಳಿ ಹೊಗೆ ನಮ್ಮ ಮೇಲೆಲ್ಲ ಬಂತು, ಸುಟ್ಟ ರಬ್ಬರಿನ ವಾಸನೆ ಗಂಟಲಿಗೆ ಇಳಿಯಿತು. ಗೆರೆಗೆ ಬಂದು ನಿಂತಿತು. ಡೀಮನ್‌ನಲ್ಲಿ ಟ್ರಾನ್ಸ್‌ಬ್ರೇಕ್ ಅಂತ ಇದೆ. ಗೇರ್‌ಬಾಕ್ಸನ್ನೇ ಬಿಗಿಹಿಡಿದು ನಿಲ್ಲಿಸುತ್ತದೆ. ಎಂಜಿನ್ ಒಳಗೇ ಗುಟುರು ಹಾಕುತ್ತಿರುತ್ತದೆ, ಚಕ್ರ ಅಲುಗುವುದಿಲ್ಲ. ಹಸಿರು ದೀಪ ಬಿತ್ತು, ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಬಿಟ್ಟರು. ಆ ಕ್ಷಣ ಕಾರು ಹಿಂದಕ್ಕೆ ಕುಕ್ಕರಿಸಿ ಮೂಗು ಮೇಲೆತ್ತಿತು. ಸೂಪರ್‌ಚಾರ್ಜರಿನ ಸಿಳ್ಳು ಕಿವಿ ಸೀಳಿಕೊಂಡು ಹೋಯಿತು. ಅಲ್ಲಿ ಓಟ ಅರ್ಧ ದೂರದ್ದು, ಎಂಟನೇ ಒಂದು ಮೈಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಬಾಯ್ತುಂಬ ನಗುತ್ತಿದ್ದಳು. "ಅಪ್ಪಾ, ಇನ್ನೊಂದ್ಸಲ" ಅಂದಳು.

ಆಮೇಲೆ ಕಾರುಗಳನ್ನು ನಿಲ್ಲಿಸುವ ಕಡೆ ಹೋಗಿ ಅದೇ ಕಾರನ್ನು ಹತ್ತಿರದಿಂದ ನೋಡಿದೆವು. ಹಿಂದಿನ ಬಂಪರಿನ ಮೇಲೆ, ಚಕ್ರದ ಹಿಂದೆ ಕರಗಿದ ರಬ್ಬರಿನ ಕರಿ ಎಳೆಗಳು ಒಣಗಿದ ಶಾವಿಗೆ ಥರ ಅಂಟಿದ್ದವು. ಮುಂದೆ ಬಾನೆಟ್ಟಿನ ತುದಿಯಲ್ಲಿ ಕಲ್ಲು ಬಡಿದು ಪೇಂಟ್ ಹಾರಿದ ಸಣ್ಣ ಸಣ್ಣ ಚುಕ್ಕಿಗಳು. ಡ್ರೈವರ್ ಸೀಟಿನ ಎಡ ಅಂಚು ಹತ್ತಿ ಇಳಿದು ಸವೆದು ಹೊಳೆಯುತ್ತಿತ್ತು. ಓಡಿಸಿದವರು ನಡುವಯಸ್ಸಿನ ಹೆಂಗಸು. ಬೇಸಿಗೆಯಲ್ಲಿ ಇದರಲ್ಲೇ ಕೆಲಸಕ್ಕೂ ಹೋಗುತ್ತೇನೆ ಅಂದರು. ಮಗಳನ್ನು ಒಳಗೆ ಕೂರಿಸಿ, ಆ ಪ್ಯಾಡಲ್ ಹಿಡಿಯಲು ಹೇಳಿದರು. ಅವಳ ಬೆರಳು ಅಷ್ಟು ದೂರ ಹೋಗಲಿಲ್ಲ. ಆದರೂ ಹಿಡಿದಳು.

ಗ್ಯಾರೇಜಿನಿಂದ ಬಂದ ಮೇಲೆ ನನಗೆ ಅರ್ಥ ಆಗಿದ್ದು ಇದು. ಡೀಮನ್ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದೆಲ್ಲ ಇಂಥವರು ಮಾಡಿದ್ದು. ಟೈರು ಸವೆಸಿದವರು, ಗೇರ್‌ಬಾಕ್ಸ್ ಹಾಳು ಮಾಡಿಕೊಂಡವರು, ಕಲ್ಲೇಟು ತಿಂದವರು. ಚಿಕ್ಕ ಹುಡುಗಿಯೊಬ್ಬಳು ಆ ಸದ್ದು ಕೇಳಿ ಇನ್ನೊಂದ್ಸಲ ಅಂದಿದ್ದೂ ಅವರಿಂದ. ಮೂವತ್ತು ವರ್ಷ ಬಿಟ್ಟು ಯಾರಾದರೂ ಡೀಮನ್ ಬೇಕು ಅಂತ ಹುಡುಕಿಕೊಂಡು ಬಂದರೆ, ಅವರು ಚಿಕ್ಕಂದಿನಲ್ಲಿ ಓಡುವ ಡೀಮನ್ ನೋಡಿದವರೇ ಆಗಿರುತ್ತಾರೆ. ಪ್ಲಾಸ್ಟಿಕ್ ತೆಗೆಯದ ಕಾರಿಗೆ ಬೆಲೆ ಬರುವುದು ಅವರಿಂದ. ಓಡುವ ಕಾರು ದುಡಿಯುತ್ತದೆ, ನಿಂತ ಕಾರು ಅದರ ಮೇಲೆ ಬಡ್ಡಿ ತಿನ್ನುತ್ತದೆ. ಓಡಿಸಿದ ಕಾರಿಗೆ ಮಾತ್ರ ಬೆಲೆ ಇಳಿಯುತ್ತದೆ. ಎಲ್ಲ 3,300 ಜನರೂ ಯಜಮಾನರ ಹಾಗೆ ಬಾಗಿಲು ಹಾಕಿಕೊಂಡಿದ್ದರೆ ಡೀಮನ್ ಅಂದರೆ ಏನು ಅಂತ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಪೇಸ್ ಕಾರಿಗೆ ಆದದ್ದೇ ಆಗುತ್ತಿತ್ತು.

ಇದು ನಮ್ಮ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಯೆಜ್ಡಿ ಬೈಕು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. ಯೆಜ್ಡಿ ಲಿಮಿಟೆಡ್ ಎಡಿಷನ್ ಅಂತ ಮಾರಿದ ಗಾಡಿಯಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಹೋದ ಗಾಡಿ, ಮೂರು ಜನ ಕೂತು ಜಾತ್ರೆಗೆ ಹೋದ ಗಾಡಿ. ಈಗ ಒಳ್ಳೆಯದೊಂದು ಸಿಗುವುದು ಕಷ್ಟ. ಆದರೂ ಇಟ್ಟುಕೊಂಡವರು ಓಡಿಸುತ್ತಾರೆ. ಜೋಡಿ ಸೈಲೆನ್ಸರಿನ ಆ ಸದ್ದು ಮುಂದಿನ ಬೀದಿಯಲ್ಲಿ ಕೇಳಿದರೂ ಜನ ತಿರುಗಿ ನೋಡುತ್ತಾರೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದರ ಮೇಲೆ ಕೂತ ಒಬ್ಬ ಮಾಮನೋ ಚಿಕ್ಕಪ್ಪನೋ ಇದ್ದ.

ನಿಂತ ಕಾರಿಗೆ ಏನಾಗುತ್ತದೆ

ಇನ್ನೊಂದು ಮಾತು, ಇದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ಓಡಿಸದೆ ಇಟ್ಟರೆ ಕಾರು ಹೊಸದಾಗಿಯೇ ಇರುತ್ತದೆ ಅನ್ನುವುದು ನಿಜವಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಕೆಡುತ್ತದೆ, ಇಂಜೆಕ್ಟರಿನಲ್ಲಿ ಜಿಡ್ಡು ಕಟ್ಟುತ್ತದೆ. ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ. ರಬ್ಬರ್ ಸೀಲುಗಳು ಎಣ್ಣೆಯಲ್ಲಿ ನೆನೆದಿದ್ದರೆ ಮೆತ್ತಗಿರುತ್ತವೆ, ಒಣಗಿದರೆ ಬಿರುಕು ಬಿಡುತ್ತವೆ. ಟೈರಿನ ಒಂದೇ ಭಾಗದ ಮೇಲೆ ತೂಕ ಬಿದ್ದು ಚಪ್ಪಟೆಯಾಗುತ್ತದೆ. ಚಳಿಗಾಲದಲ್ಲಿ ಇಲಿ ಸೇರಿಕೊಂಡು ವೈರು ಕಡಿಯುತ್ತವೆ, ಮಿಶಿಗನ್‌ನಲ್ಲಿ ಇದು ಮನೆಮನೆಯ ಗೋಳು. ಎಲ್ಲಕ್ಕಿಂತ ಕೆಟ್ಟದ್ದು ಆ ತಿಂಗಳಿಗೊಮ್ಮೆ ಐದು ನಿಮಿಷದ ಸ್ಟಾರ್ಟ್. ಎಂಜಿನ್ ಉರಿದಾಗ ನೀರಿನ ಹಬೆ ಹುಟ್ಟುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆರಿಹೋಗುತ್ತದೆ. ಐದು ನಿಮಿಷದಲ್ಲಿ ಆಯಿಲ್ ಕಾಯುವುದಿಲ್ಲ. ನೀರು ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ಹಾಗೇ ಉಳಿಯುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತಂದಿದ್ದರೆ ಆ ಕಾರು ಇನ್ನೂ ಚೆನ್ನಾಗಿರುತ್ತಿತ್ತು.

ಇದನ್ನು ಯಜಮಾನರಿಗೂ ಫೋನ್ ಮಾಡಿ ಹೇಳಿದೆ. ಕೊಳ್ಳದಿದ್ದರೂ ಹೇಳಬೇಕು ಅನಿಸಿತು. ಸಮಾಧಾನದಿಂದ ಕೇಳಿದರು. ಆಯಿಲ್, ಬ್ರೇಕ್ ಆಯಿಲ್ ಬದಲಾಯಿಸುತ್ತೇನೆ ಅಂದರು. ಪ್ಲಾಸ್ಟಿಕ್ ವಿಷಯ ನಾನು ಎತ್ತಲಿಲ್ಲ. ಅವರ ರೋಡ್ ರನ್ನರ್ ಕಥೆ ಕೇಳಿದ ಮೇಲೆ ಹೇಗೆ ಎತ್ತಲಿ?

ಗೆಳೆಯ ಕೊನೆಗೆ ಬೇರೆ ಡೀಮನ್ ಕೊಂಡ. ಇದು ಒಹಾಯೊದ್ದು, ಬೂದು ಬಣ್ಣ, ಚೆನ್ನಾಗಿ ಓಡಿದ ಗಾಡಿ. ಬೆಲೆ ಯಜಮಾನರದ್ದಕ್ಕಿಂತ ಬಹಳ ಕಮ್ಮಿ. ಬಾನೆಟ್ ತುದಿಯ ಪೇಂಟ್ ಹೋಗಿದೆ, ಕ್ರೇಟಿನ ಜಾಕು ಗೀರುಬಿದ್ದಿದೆ, ಸಪೂರ ಚಕ್ರಗಳಲ್ಲಿ ಬ್ರೇಕಿನ ಧೂಳು ಕೂತಿದೆ. ಮಾರಿದವರು ಕೀಲಿಯ ಜೊತೆ ಒಂದು ಕವರ್ ಕೊಟ್ಟರು. ಅದರ ತುಂಬ ಡ್ರ್ಯಾಗ್ ಸ್ಟ್ರಿಪ್‌ನ ಟೈಮ್ ಸ್ಲಿಪ್‌ಗಳು. ಪ್ರತಿ ಓಟಕ್ಕೂ ಒಂದು ಚೀಟಿ. ಮೊದಲ 60 ಅಡಿಗೆ ಎಷ್ಟು, ಅರ್ಧ ದೂರಕ್ಕೆ ಎಷ್ಟು, ಕೊನೆಗೆ ಎಷ್ಟು ಅಂತ ಅಚ್ಚಾಗಿರುತ್ತದೆ. ಕೆಲವು ಚೀಟಿಗಳ ಹಿಂದೆ ಅವತ್ತಿನ ಬಿಸಿಲೆಷ್ಟು, ಟೈರಿನ ಗಾಳಿಯೆಷ್ಟು ಅಂತ ಪೆನ್ನಿನಲ್ಲಿ ಬರೆದಿದ್ದಾರೆ. ಮೊದಮೊದಲು ಹನ್ನೊಂದು ಸೆಕೆಂಡಿನ ಮೇಲೆ. ಆಮೇಲೆ ನಿಧಾನಕ್ಕೆ ಇಳಿದು ಹತ್ತೂವರೆ, ಹತ್ತು ಕಾಲು. ಒಬ್ಬ ಮನುಷ್ಯ ಆ ಕಾರನ್ನು ಕಲಿತದ್ದು ಪೂರ್ತಿ ಅಲ್ಲಿದೆ. ಗೆಳೆಯ ಅವನ್ನು ತಾರೀಖಿನ ಪ್ರಕಾರ ಜೋಡಿಸಿ ಫೈಲ್ ಮಾಡಿದ್ದಾನೆ.

ಹಿಂದಿನ ಟೈರು ಹೊಸದು ಹಾಕಿಸಿ ಆಗಿದೆ. ಮೇ ತಿಂಗಳಲ್ಲಿ, ರಸ್ತೆಯ ಉಪ್ಪು ತೊಳೆದುಹೋದ ಮೇಲೆ, ಶುಕ್ರವಾರ ಸಂಜೆಯ ಅಭ್ಯಾಸದ ಓಟಕ್ಕೆ ಹೋಗುವುದು ಅಂತ ಮಾತಾಗಿದೆ. ಹತ್ತು ಸೆಕೆಂಡಿಗಿಂತ ಬೇಗ ಓಡಿಸುವುದಾದರೆ ರೋಲ್ ಕೇಜಿನ ನಿಯಮ ಏನಿದೆ ಅಂತ ಟ್ರ್ಯಾಕಿನವರನ್ನು ಕೇಳಿಕೋ ಅಂತ ಮೊದಲೇ ಹೇಳಿದ್ದೇನೆ. "ಅಷ್ಟು ಬೇಗ ಓಡಿಸೋದು ಬರೋಕೆ ನನಗೆ ಇನ್ನೂ ಎರಡು ಬೇಸಿಗೆ ಬೇಕು ಮಾರಾಯ" ಅಂತಾನೆ. ಮಗಳು ಈಗ ಹೈಸ್ಕೂಲು. ಅವಳೂ ಬರುತ್ತಾಳಂತೆ.